ಕಾಳಿಯ ಅಳಿವೆಗೆ ಎಷ್ಟು ಅಶ್ವಶಕ್ತಿ?

ಬೇಸಿಗೆಯ ಮಧ್ಯಾಹ್ನ ಎರಡರ ಹೊತ್ತಿಗೆ ಕಾರವಾರದ ಕಡಲತೀರದಲ್ಲಿ ನಿಂತವರಿಗೆ ಹಾಯಿದೋಣಿ ನಡೆಸುವುದು ಬಲು ಸುಲಭ ಎನ್ನಿಸುತ್ತದೆ. ಬೆಳಗಿನ ಮೆಲುಗಾಳಿ ಅಡಗಿ, ಬಿಸಿಲೇರಿದಂತೆ ವಾಯವ್ಯದಿಂದ ಕಡಲಗಾಳಿ ಬೀಸತೊಡಗುತ್ತದೆ. ದೂರದಲ್ಲಿ ಕೂರ್ಮಗಡ, ದೀಪಸ್ತಂಭ ಹೊತ್ತ ದೇವಗಡ. ಬಲಕ್ಕೆ, ಕಾಳಿ ನದಿಯ ಆಚೆ ದಡದಲ್ಲಿ, ಸದಾಶಿವಗಡದ ಗುಡ್ಡ. ಹಾಯಿ ಬಿಚ್ಚಿದರೆ ಸಾಕು, ದೋಣಿ ತಾನಾಗಿಯೇ ಓಡುತ್ತದೆ.

ಕಷ್ಟವಿರುವುದು ಸಂಜೆ ಆರೂವರೆಗೆ. ಸೂರ್ಯ ಮುಳುಗುವ ಹೊತ್ತಿಗೆ ಕಡಲಗಾಳಿ ಸತ್ತುಹೋಗುತ್ತದೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿ.ಮೀ. ಹರಿದು ಬಂದ ಕಾಳಿ ಇಲ್ಲಿ ಅಗಲವಾಗಿ ಕಡಲಿಗೆ ಬಾಯ್ದೆರೆದಿದೆ. ಅದೇ ಅಳಿವೆ. ಆ ಹೊತ್ತಿಗೆ ಇಳಿತವಿದ್ದರೆ ನದಿಯ ನೀರೂ ಕಡಲ ನೀರೂ ಕೂಡಿ ಹೊರಕ್ಕೆ ಸೆಳೆಯುತ್ತವೆ. ಕತ್ತಲಾದಂತೆ ನೆಲದ ಕಡೆಯಿಂದ ಗಾಳಿ ಹುಟ್ಟುತ್ತದೆ. ಮನೆಗೆ ಮರಳುವ ದೋಣಿಗೆ ಅದೂ ಎದುರುಗಾಳಿಯೇ. ಹಾಯಿ ಜೋತುಬಿದ್ದ ದೋಣಿಯಲ್ಲಿ ನಾಲ್ವರು ವಿದ್ಯಾರ್ಥಿಗಳು ಕುಳಿತಿದ್ದಾರೆ, ದಡದಲ್ಲಿ ಅವರ ತಂದೆತಾಯಂದಿರು ಕಾಯುತ್ತಿದ್ದಾರೆ ಎಂದುಕೊಳ್ಳಿ. ಚಿಕ್ಕ ಹಾಯಿದೋಣಿಗೆ ಎಂಜಿನ್ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಹೊತ್ತಿನಲ್ಲಿ, ಅಂಗಡಿಯಲ್ಲಲ್ಲ.

ಎಂಜಿನ್ ಇಲ್ಲದ ಕಾಲದಲ್ಲಿ ಇಲ್ಲಿಯವರು ಭರತ-ಇಳಿತಗಳನ್ನೇ ಎಂಜಿನ್ ಮಾಡಿಕೊಂಡಿದ್ದರು. 1883ರಲ್ಲಿ ರವೀಂದ್ರನಾಥ ಠಾಕೂರರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ, ಹುಣ್ಣಿಮೆಯ ರಾತ್ರಿ ಪುಟ್ಟ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿದ್ದರು. ಹಿಂದಿರುಗುವಾಗ ಇಳಿತದ ಜೊತೆ ತೇಲಿ ಬಂದು, ಅಳಿವೆಯಲ್ಲಿ ಇಳಿದು, ಮರಳ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ನೀರು ಹೋಗುವ ದಿಕ್ಕಿಗೇ ಮನೆಯಿದ್ದರೆ ಅಶ್ವಶಕ್ತಿಯ ಹಂಗೇಕೆ? ಆದರೆ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಸಂಜೆ ಒಳಕ್ಕೆ ತಳ್ಳಿದ ನೀರು, ವಾರ ಕಳೆದರೆ ಅದೇ ಹೊತ್ತಿಗೆ ಹೊರಕ್ಕೆ ಎಳೆಯುತ್ತದೆ.

ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನನ್ನು ಮನೆಮಾತಾಗಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಓಲೆ ಎವಿನ್‌ರೂಡ್. ಗೆಳತಿಗಾಗಿ ಐಸ್‌ಕ್ರೀಂ ತರಲು ಸರೋವರದಲ್ಲಿ ಹುಟ್ಟು ಹಾಕುತ್ತಾ ಹೋಗಿ, ಬರುವಷ್ಟರಲ್ಲಿ ಅದು ಕರಗಿಹೋಯಿತೆಂದೂ ಆಗ ಈ ಯೋಚನೆ ಹೊಳೆಯಿತೆಂದೂ ಕಥೆ. 1909ರಲ್ಲಿ ಅವನು ಮಾರಾಟಕ್ಕೆ ತಂದ ಎಂಜಿನ್ನಿನ ಬಲ ಒಂದೂವರೆ ಅಶ್ವಶಕ್ತಿ. ಅಷ್ಟರಿಂದಲೇ ಜನ ತೃಪ್ತರಾಗಿದ್ದರು ಎಂಬುದು ಗಮನಿಸಬೇಕಾದ ಮಾತು.

ಈಗಿನ ಹುಡುಗರಿಗೆ ಹತ್ತಾದರೂ ಬೇಕು. ಅದಕ್ಕೆ ಕಾರಣವೂ ಕಣ್ಣೆದುರೇ ಇದೆ. ಕರಾವಳಿಯ ನಾಡದೋಣಿಗಳಲ್ಲಿ ಹತ್ತು ಅಶ್ವಶಕ್ತಿಯ ಎಂಜಿನ್ನುಗಳು ಸಾಮಾನ್ಯ. ಜೂನ್-ಜುಲೈ ತಿಂಗಳ ನಿಷೇಧದ ಕಾಲದಲ್ಲೂ ಮೀನುಗಾರಿಕೆಗೆ ಹೋಗಲು ಬಿಡುವ ಮಿತಿ ಅಷ್ಟೇ. ಆದರೆ ಮೀನುಗಾರನ ದೋಣಿ ಬಲೆ ಹೊರಬೇಕು, ಮೀನು ಹೊರಬೇಕು, ಅಬ್ಬರದ ಅಲೆ ಸೀಳಬೇಕು. ಅವನ ಲೆಕ್ಕ ಬೇರೆ, ಹಾಯಿದೋಣಿಯ ಲೆಕ್ಕ ಬೇರೆ.

ಈ ಲೆಕ್ಕ ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಹುದಾದದ್ದು. 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ ಟಾರ್ಕೀ ಊರಿನಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಹಡಗುಗಳ ಮಾದರಿಗಳನ್ನು ನೀರಿನಲ್ಲಿ ಎಳೆಸಿ ನೋಡಿದ. ದೋಣಿ ಓಡುವಾಗ ತಾನೇ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಸಿಕ್ಕಿಬೀಳುತ್ತದೆ. ಮುಂದಿನ ಅಲೆಯನ್ನು ಹತ್ತಿ ದಾಟಲು ಬೇಕಾಗುವ ಬಲ ವಿಪರೀತ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಎಲ್ಲೆ ನಾಟ್‌ಗಳಲ್ಲಿ ಸಿಗುತ್ತದೆ. 16 ಅಡಿಗೆ ವರ್ಗಮೂಲ 4; ಎಲ್ಲೆ 5.36 ನಾಟ್, ಅಂದರೆ ಗಂಟೆಗೆ ಸುಮಾರು 10 ಕಿ.ಮೀ. ಭಾರದ ಹಾಯಿದೋಣಿಗೆ ಹತ್ತರ ಬದಲು ಇಪ್ಪತ್ತು ಅಶ್ವಶಕ್ತಿ ಕಟ್ಟಿದರೂ ಹೆಚ್ಚುವುದು ಸದ್ದು ಮತ್ತು ಪೆಟ್ರೋಲ್ ಖರ್ಚು.

ಹಾಗಿದ್ದರೆ ಎಷ್ಟು ಬೇಕು? ಜನ, ಸಾಮಾನು ಸೇರಿ ಟನ್ನಿಗೆ ನಾಲ್ಕು ಅಶ್ವಶಕ್ತಿ ಎಂಬುದು ದೋಣಿಯವರ ನಡುವಿನ ರೂಢಿಯ ಅಂದಾಜು. ನಾಲ್ವರು ಕುಳಿತ ಹದಿನೆಂಟು ಅಡಿಯ ದೋಣಿ ಹೆಚ್ಚುಕಡಿಮೆ ಒಂದು ಟನ್ ತೂಗೀತು. ಎರಡು ಅಶ್ವಶಕ್ತಿಯದನ್ನು ಕೊಂಡರೆ ನಿಶ್ಚಲ ನೀರಿನಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಕೊಂಡವರು ಮೋಸಹೋಗುವುದು ಇಲ್ಲೇ. ಅಳಿವೆಯಲ್ಲಿ ಎದುರುಗಾಳಿಗೆ ದೋಣಿಯ ವೇಗ 3 ನಾಟ್‌ಗೆ ಇಳಿದು, ಇಳಿತದ ಸೆಳೆತ 2 ನಾಟ್ ಇದ್ದರೆ ಉಳಿಯುವುದು 1 ನಾಟ್. ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರು, ಒಳಬರಲು ಒಂದು ಗಂಟೆ. ಐದು ನಾಟ್ ಉಳಿಸಿಕೊಳ್ಳಬಲ್ಲ ಎಂಜಿನ್ ಅದೇ ದೂರವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತದೆ. ನಾಲ್ಕರಿಂದ ಆರು ಅಶ್ವಶಕ್ತಿ ಈ ದೋಣಿಗೆ ಸರಿ. ಹಲವು ಕಂಪೆನಿಗಳಲ್ಲಿ ನಾಲ್ಕು, ಐದು, ಆರರ ಎಂಜಿನ್ನುಗಳು ಒಂದೇ ಅಚ್ಚಿನವು, ತೂಕವೂ ಸುಮಾರು 25 ಕಿಲೋ. ಹತ್ತರದ್ದು 40 ಕಿಲೋ ಸಮೀಪಿಸುತ್ತದೆ. ಅಷ್ಟು ಭಾರ ಹಿಂಬದಿಗೆ ನೇತುಬಿದ್ದರೆ ಮೂತಿ ಮೇಲೆದ್ದು, ಹಾಯಿಯ ಓಟವೂ ಕೆಡುತ್ತದೆ.

ಅಶ್ವಶಕ್ತಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಎಂಜಿನ್ನಿನ ಕಾಲು. ಹದಿನೈದು, ಇಪ್ಪತ್ತು, ಇಪ್ಪತ್ತೈದು ಇಂಚಿನ ಕಾಲುಗಳು ಬರುತ್ತವೆ. ಅಳಿವೆಯ ಅಲೆಯಲ್ಲಿ ದೋಣಿ ತೊನೆಯುತ್ತದೆ. ಮೂತಿ ತಗ್ಗಿದಾಗ ಹಿಂಬದಿ ಎದ್ದು, ಗಿಡ್ಡ ಕಾಲಿನ ಪ್ರೊಪೆಲರ್ ನೀರು ಬಿಟ್ಟು ಗಾಳಿ ಕಡೆಯುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಹಾಯಿದೋಣಿಗೆ ಸಾಮಾನ್ಯವಾಗಿ ಉದ್ದ ಕಾಲಿನದೇ ಲೇಸು. ಪ್ರೊಪೆಲರ್ ಕೂಡ ಅಗಲವಾಗಿ, ಒಂದು ಸುತ್ತಿಗೆ ಕಡಿಮೆ ದೂರ ಸಾಗುವಂಥದ್ದಾಗಿರಬೇಕು. ಘಟ್ಟ ಹತ್ತುವ ಲಾರಿ ಮೊದಲ ಗೇರಿಗೆ ಬಂದಂತೆ ಅದು ನಿಧಾನವಾಗಿ, ಬಿಗಿಯಾಗಿ ತಳ್ಳುತ್ತದೆ.

ಪಾಲಕರು ವಿಚಾರಿಸಬೇಕಾದ ಬೇರೆ ಸಂಗತಿಗಳೂ ಇವೆ. ಪೆಟ್ರೋಲಿನ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದದ್ದು ಮುಟ್ಟದಂತೆ ಇಡಲು. ಚುಕ್ಕಾಣಿ ಹಿಡಿದವರು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುವಂತೆ ಕೈಗೆ ಕಟ್ಟುವ ಹುರಿ, ಎಲ್ಲರಿಗೂ ಲೈಫ್ ಜಾಕೆಟ್. ಇನ್ನು, ಮಳೆಗಾಲದ ಕಾಳಿಯ ಕೆಂಪು ನೀರಿಗೆ ಯಾವ ಲೆಕ್ಕವೂ ಸಾಲದು. ಆಗ ದೋಣಿ ದಡದಲ್ಲಿ ಬೋರಲಾಗಿರಲಿ.

ದಡ ಸೇರಿದ ಮೇಲೂ ಕೆಲಸ ಬಾಕಿಯಿದೆ. ಎಂಜಿನ್ನಿನೊಳಗೆ ಹರಿದ ಉಪ್ಪುನೀರು ಅಲ್ಲೇ ಉಳಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಸಿಹಿನೀರು ತುಂಬಿ, ಕಾಲು ಮುಳುಗಿಸಿ, ಐದಾರು ನಿಮಿಷ ಓಡಿಸಬೇಕು. ಹುಟ್ಟುಗಳನ್ನು ಮಾತ್ರ ಮನೆಗೆ ಒಯ್ಯಬಾರದು. ಅವು ದೋಣಿಯಲ್ಲೇ ಇರಲಿ.