ಆರು ವಾರದ ಬಿಡಾರ

ಪರವೂರಿನಲ್ಲಿ ದೀರ್ಘಕಾಲ ಚಿಕಿತ್ಸೆ ಪಡೆಯಬೇಕಾದ ಸಂದರ್ಭ ಒದಗಿದಾಗ ಯಾವ ವೈದ್ಯರು ಒಳ್ಳೆಯವರು, ಯಾವ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ ಎಂದು ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಅಷ್ಟು ದಿನ ರೋಗಿ ಎಲ್ಲಿ ಮಲಗಬೇಕು, ಏನನ್ನು ಉಣ್ಣಬೇಕು, ಜೊತೆಗಿರುವವರು ಎಲ್ಲಿ ಬಟ್ಟೆ ಒಗೆದು ಹರವಬೇಕು ಎಂಬ ಮಾತನ್ನು ಎತ್ತುವವರು ವಿರಳ. 2025ರ ಆಗಸ್ಟ್ ತಿಂಗಳಿನಲ್ಲಿ ಈ ಪ್ರಶ್ನೆ ನಮ್ಮ ಅಕ್ಕನ ಮನೆಯ ಜಗಲಿಗೇ ಬಂದು ಕುಳಿತಿತು. ಅದನ್ನು ನಾವು ಹೇಗೆ ತೂಗಿ ನೋಡಿದೆವೆಂಬುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಇಂಥದೇ ಸಂಕಟದಲ್ಲಿರುವ ಯಾವುದಾದರೂ ಮನೆಯವರಿಗೆ ಉಪಯೋಗವಾದೀತು.

ಅಕ್ಕನಿಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಗಿತ್ತು. ಗಾಯ ಮಾಯುತ್ತ ಬಂದಂತೆ ವೈದ್ಯರು ಮೂವತ್ತು ಸರದಿಯ ವಿಕಿರಣ ಚಿಕಿತ್ಸೆ ಆಗಬೇಕೆಂದರು. ವಾರಕ್ಕೆ ಐದು ದಿನ, ಶನಿವಾರ ಭಾನುವಾರ ಬಿಡುವು, ಒಟ್ಟು ಆರು ವಾರ. ಯಂತ್ರದ ಕೆಳಗೆ ಮಲಗುವುದು ದಿನಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ. ಆದ್ದರಿಂದ ಆಸ್ಪತ್ರೆಗೆ ಸೇರಿಸಿಕೊಳ್ಳುವ ಅಗತ್ಯವಿಲ್ಲವೆಂದೂ, ಮನೆಯಿಂದಲೇ ಬಂದು ಹೋಗಬಹುದೆಂದೂ ತಿಳಿಸಿದರು. ಅವರು ಹೇಳಿದ್ದು ಸರಿಯೇ. ಆದರೆ ಅಕ್ಕನ ಮನೆ ಇರುವುದು ಗುಂಡ್ಲುಪೇಟೆಯಲ್ಲಿ, ಮೈಸೂರಿಗೆ ಸುಮಾರು 60 ಕಿಲೋಮೀಟರ್ ದೂರ.

ಭಾವನವರದು ನೇರವಾದ ಲೆಕ್ಕ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. "ಅಕ್ಕ ತಂಗಿ ಇಬ್ಬರೂ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮನೆ ಸೇರುತ್ತೀರಿ. ಒಂದು ಕಾಸೂ ಖರ್ಚಿಲ್ಲದಿರುವಾಗ ಕೊಠಡಿ ಹಿಡಿದು ಸಾವಿರಾರು ರೂಪಾಯಿ ಏಕೆ ಸುರಿಯಬೇಕು?" ಎಂದರು. ಒಂದು ದಿನದ ಮಟ್ಟಿಗೆ ಅವರ ಮಾತಿಗೆ ಎದುರಾಡಲು ಸಾಧ್ಯವಿಲ್ಲ. ಆದರೆ ಹೋಗಿಬರುವ 120 ಕಿಲೋಮೀಟರನ್ನು ಮೂವತ್ತು ದಿನಕ್ಕೆ ಗುಣಿಸಿದರೆ 3,600 ಕಿಲೋಮೀಟರ್ ಆಗುತ್ತದೆ. ಬಾಯಿಗೆ ವಿಕಿರಣ ಕೊಡುವಾಗ ಎರಡನೆಯ ಮೂರನೆಯ ವಾರದಿಂದ ಹುಣ್ಣು ಏಳುತ್ತದೆ, ಜೊಲ್ಲು ಒಣಗುತ್ತದೆ, ರುಚಿ ಕೆಡುತ್ತದೆ, ಎದ್ದು ಕೂರಲಾರದಷ್ಟು ಆಯಾಸವಾಗುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ನಡುವೆ ನಾಲ್ಕು ದಿನ ಚಿಕಿತ್ಸೆ ತಪ್ಪಿದರೆ ಅದರ ಫಲವೇ ಕುಗ್ಗುತ್ತದೆಂದೂ ಹೇಳಿದ್ದರು. ನಂಜನಗೂಡಿನ ದಾರಿಯ ಬಸ್ಸಿನಲ್ಲಿ ನಿಂತು ಬರುವ ದೇಹದ ಸ್ಥಿತಿ ಐದನೆಯ ವಾರದಲ್ಲಿ ಹೇಗಿದ್ದೀತು ಎಂದು ನಾನು ಕೇಳಿದೆ. ಬಾಡಿಗೆ ಕಾರನ್ನು ವಿಚಾರಿಸಲಾಗಿ ದಿನಕ್ಕೆ 2,000 ರೂಪಾಯಿಗೆ ಕಡಿಮೆ ಯಾರೂ ಒಪ್ಪಲಿಲ್ಲ. ಮೂವತ್ತು ದಿನಕ್ಕೆ 60,000 ಎಂದು ಕೇಳಿದ ಮೇಲೆ ಭಾವನವರು ಬಸ್ಸಿನ ಮಾತನ್ನೂ ನಿಲ್ಲಿಸಿದರು.

ಇನ್ನು ನೆಂಟರ ಮನೆ. ಮೈಸೂರಿನಲ್ಲಿ ನಮ್ಮವರಿಗೆ ಕೊರತೆಯಿಲ್ಲ. ಸರಸ್ವತೀಪುರದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಸ್ವತಃ ಬಂದು, "ನಮ್ಮ ಮನೆ ಇರುವಾಗ ಲಾಡ್ಜಿನಲ್ಲಿ ಇಳಿದುಕೊಂಡರೆ ಜನ ಏನೆಂದಾರು?" ಎಂದು ಕರೆದ. ಕರೆದದ್ದು ಬಾಯಿಮಾತಿಗಲ್ಲ, ಅಂತಃಕರಣದಿಂದಲೇ. ಆದರೂ ಅಕ್ಕ ಒಪ್ಪಲಿಲ್ಲ. ಅವನ ಸೊಸೆ ಗರ್ಭಿಣಿ. ವಿಕಿರಣ ಪಡೆದವರ ಹತ್ತಿರ ಸುಳಿದರೆ ಮಗುವಿಗೆ ತೊಂದರೆಯೆಂಬ ಅಂಜಿಕೆ ಆ ಮನೆಯಲ್ಲಿ ಮೂಡಿತ್ತು. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ದೇಹದಲ್ಲಿ ಉಳಿಯುವುದಿಲ್ಲ, ರೋಗಿಯನ್ನು ಮುಟ್ಟಿದವರಿಗೂ ಮಗ್ಗುಲಲ್ಲಿ ಮಲಗಿದವರಿಗೂ ಅದರಿಂದ ಯಾವ ಅಪಾಯವೂ ಇಲ್ಲ. ಇದನ್ನು ನಾನು ಆ ಮಗುವಿಗೆ ತಿಳಿಯಹೇಳಿದೆ, ಅವಳು ತಲೆಯಾಡಿಸಿದಳು. ಆದರೆ ಅಕ್ಕನ ಹಿಂಜರಿಕೆಯ ಕಾರಣ ಬೇರೆಯೇ ಇತ್ತು. "ನೆಂಟರ ಮನೆಯಲ್ಲಿ ನರಳುವುದಕ್ಕೂ ದಾಕ್ಷಿಣ್ಯ ಕಣೇ. ನೋವಾದರೆ ನರಳಬೇಕು, ವಾಂತಿ ಬಂದರೆ ವಾಂತಿ ಮಾಡಬೇಕು, ಊಟ ಬೇಡವೆಂದರೆ ಬೇಡವೆನ್ನಬೇಕು. ಇದೆಲ್ಲ ಇನ್ನೊಬ್ಬರ ಮನೆಯಲ್ಲಿ ಆಗುವಂಥದ್ದಲ್ಲ" ಎಂದಳು. ಮೂವತ್ತೆಂಟು ವರ್ಷ ಬಂದ ಹೋದವರಿಗೆಲ್ಲ ಬಡಿಸಿದ ಕೈ ಅವಳದು. ಆರು ವಾರ ಬಡಿಸಿಕೊಳ್ಳುವ ಜಾಗದಲ್ಲಿ ಕೂರುವುದು ಅವಳಿಗೆ ರೋಗಕ್ಕಿಂತ ಭಾರವಾಗಿ ಕಂಡಿತೆಂದು ತೋರುತ್ತದೆ.

ಮಠದಲ್ಲಿ ದಾಸೋಹವಿದೆಯಲ್ಲ ಎಂದವರೂ ಉಂಟು. ದಾಸೋಹದ ಪ್ರಸಾದ ಆರೋಗ್ಯವಂತರಿಗೆ ಅಮೃತ. ಬಾಯಿ ಹುಣ್ಣಾದವರಿಗೆ ಸಾರಿನ ಒಂದು ಹನಿಯೂ ಬೆಂಕಿಯಂತೆ ಉರಿಯುತ್ತದೆ. ಹಿಂದಿನವರು ಪರವೂರಿಗೆ ಹೋದರೆ ಛತ್ರದಲ್ಲಿ ಇಳಿದು, ಮೂರು ಕಲ್ಲು ಹೂಡಿ ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಈಗ ಮೇಳಗಳೂ ಪ್ರದರ್ಶನಗಳೂ ನಡೆಯುತ್ತವೆ. ಆ ಸೌಕರ್ಯದ ಜಾಗಕ್ಕೆ ಇಂದು ಬಂದಿರುವುದು, ನನ್ನ ತಿಳಿವಳಿಕೆಯಲ್ಲಿ, ಅಡಿಗೆಕಟ್ಟೆಯಿರುವ ತಿಂಗಳ ಲೆಕ್ಕದ ಕೊಠಡಿ.

ಮನೆಯನ್ನೇ ಬಾಡಿಗೆಗೆ ಹಿಡಿಯೋಣವೆಂದು ಅಕ್ಕನ ಮಗ ಅಗ್ರಹಾರದ ಕಡೆ ಒಂದು ಮನೆ ನೋಡಿ ಬಂದ. ತಿಂಗಳಿಗೆ 12,000 ಬಾಡಿಗೆ, ಒಂದು ಲಕ್ಷ ಮುಂಗಡ, ಹನ್ನೊಂದು ತಿಂಗಳ ಕರಾರು. ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕಾದ್ದರಿಂದ ಎಲ್ಲರೂ ಈ ಹನ್ನೊಂದರ ಗಡಿಯಲ್ಲಿ ನಿಲ್ಲುತ್ತಾರೆ. ಮೊತ್ತ ಅಗ್ಗವೆನಿಸಿದರೂ ಮಂಚ, ಹಾಸಿಗೆ, ಗ್ಯಾಸ್ ಒಲೆ, ಪಾತ್ರೆ, ನೀರು ಕಾಯಿಸುವ ಹಂಡೆ ಎಲ್ಲವನ್ನೂ ನಾವೇ ಸಾಗಿಸಬೇಕು. ಆರು ವಾರಕ್ಕೆ ಕೊಡಿರೆಂದರೆ ಮನೆಯ ಯಜಮಾನರು ನಕ್ಕುಬಿಟ್ಟರಂತೆ.

ಹೀಗೆ ಒಂದೊಂದೇ ದಾರಿ ಮುಚ್ಚುತ್ತ ಬಂದು ನಾವು ಧನ್ವಂತರಿ ರಸ್ತೆಯಲ್ಲಿ ನಿಂತೆವು. ಮೈಸೂರನ್ನು ಬಲ್ಲವರಿಗೆ ಆ ರಸ್ತೆಯ ಪರಿಚಯ ಬೇಕಿಲ್ಲ. ದೇವವೈದ್ಯನ ಹೆಸರಿಗೆ ತಕ್ಕಂತೆ ಅದರ ತಲೆಯಲ್ಲೇ 1908ರಲ್ಲಿ ಆರಂಭವಾದ ಸರ್ಕಾರಿ ಆಯುರ್ವೇದ ಕಾಲೇಜು, ಅನತಿದೂರದಲ್ಲಿ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದ ಮೆಡಿಕಲ್ ಕಾಲೇಜು. ಇವುಗಳ ಸುತ್ತ ಔಷಧದಂಗಡಿಗಳು, ರಕ್ತಪರೀಕ್ಷೆಯ ಲ್ಯಾಬುಗಳು, ಲಾಡ್ಜುಗಳು ಒತ್ತೊತ್ತಾಗಿ ಬೆಳೆದಿವೆ. ಅಕ್ಕನ ಚಿಕಿತ್ಸೆ ನಡೆಯಬೇಕಾದ ಆಸ್ಪತ್ರೆಗೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. ದೇವರಾಜ ಮಾರುಕಟ್ಟೆ ಹತ್ತಿರವೇ ಇರುವುದರಿಂದ ಸೊಪ್ಪು, ಹಣ್ಣು, ಎಳನೀರಿಗೆ ಯೋಚನೆಯಿಲ್ಲ.

ನಾಲ್ಕು ಕಡೆ ಹತ್ತಿ ಇಳಿದು ನೋಡಿದೆವು. ಮೊದಲನೆಯ ಕಡೆ ಕೊಠಡಿ ಚೊಕ್ಕಟವಾಗಿತ್ತು, ಅಡಿಗೆ ಮಾಡುವಂತಿಲ್ಲ ಎಂಬ ಫಲಕ ತೂಗಿತ್ತು. ಎರಡನೆಯದರಲ್ಲಿ ಲಿಫ್ಟು ಮೊದಲ ಮಹಡಿಯವರೆಗೆ ಮೆಟ್ಟಿಲು ಹತ್ತಿದ ಮೇಲೆ ಆರಂಭವಾಗುತ್ತಿತ್ತು. (ಇಂಥ ಲಿಫ್ಟನ್ನು ಕಟ್ಟಿಸಿದವರ ಮನೆಯಲ್ಲಿ ಮುದುಕರೇ ಇರಲಾರರು.) ಮೂರನೆಯ ಕಡೆ ಕಿಟಕಿಯೆಂದು ತೋರಿಸಿದ್ದು ಪಕ್ಕದ ಗೋಡೆಯನ್ನು. ನಾಲ್ಕನೆಯದು ಅಡ್ಡರಸ್ತೆಯಲ್ಲಿ, ಸರ್ವಿಸ್ ಅಪಾರ್ಟ್‌ಮೆಂಟ್ ಎಂದು ಕರೆದುಕೊಳ್ಳುವ ಕಟ್ಟಡ. ಎರಡು ಮಂಚ, ಚಿಕ್ಕ ಫ್ರಿಜ್ಜು, ಇಂಡಕ್ಷನ್ ಒಲೆ, ಕುಕ್ಕರು, ನಾಲ್ಕು ಪಾತ್ರೆ, ಕೂರುವ ಕಮೋಡಿನ ಬಚ್ಚಲು. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆಂದು ಅಕ್ಕ ಕೇಳಿದಳು, ಆರಕ್ಕೆ ಎಂದರು. ಮಿಂದು ಲಿಂಗಪೂಜೆ ಮುಗಿಸದೆ ಅವಳು ನೀರನ್ನೂ ಮುಟ್ಟುವವಳಲ್ಲ. ಕಿಟಕಿಯ ಪಕ್ಕದ ಮೂಲೆಯನ್ನು ನೋಡಿ, ಇಷ್ಟು ಸಾಕು ಎಂದಳು. ಕೊಠಡಿ ಒಪ್ಪಿಗೆಯಾಯಿತೆಂದು ನನಗೆ ಆಗಲೇ ತಿಳಿಯಿತು.

ದಿನದ ಬಾಡಿಗೆ 1,200. ತಿಂಗಳ ಲೆಕ್ಕಕ್ಕಾದರೆ ದಿನಕ್ಕೆ 900, ಅಂದರೆ ಮೂವತ್ತು ದಿನಕ್ಕೆ 27,000. ಇದರ ಮೇಲೆ ಆಗ ಶೇಕಡಾ 12ರ ಜಿ.ಎಸ್.ಟಿ. ಸೇರುತ್ತಿತ್ತು. ಸಂಸಾರ ಹೂಡುವ ಬಾಡಿಗೆ ಮನೆಗೆ ಈ ತೆರಿಗೆ ಇಲ್ಲ, ಹೋಟೆಲ್ ಮಾದರಿಯ ವಸತಿಗೆ ಉಂಟು ಎಂಬುದನ್ನು ಲೆಕ್ಕ ಹಾಕುವಾಗ ನೆನಪಿಡಬೇಕು. ವಿದ್ಯುತ್ತು, ನೀರು, ಹಾಸಿಗೆ ಬಟ್ಟೆಯ ಒಗೆತ ಎಲ್ಲ ಅದರಲ್ಲೇ. ಮುಂಗಡ ಠೇವಣಿ ಕೇಳಲಿಲ್ಲ.

ಸಿಕ್ಕು ಬಿದ್ದದ್ದು ದಸರೆಯ ಬಳಿ. 2025ರ ದಸರಾ ಸೆಪ್ಟೆಂಬರ್ 22ಕ್ಕೆ ಆರಂಭವಾಗಿ ಅಕ್ಟೋಬರ್ 2ರ ವಿಜಯದಶಮಿಯವರೆಗೆ ಹನ್ನೊಂದು ದಿನದ ಉತ್ಸವ. ಜಂಬೂಸವಾರಿ ಹೋಗುವುದೇ ಸಯ್ಯಾಜಿರಾವ್ ರಸ್ತೆಯಲ್ಲಿ, ಆಯುರ್ವೇದ ಆಸ್ಪತ್ರೆಯ ವೃತ್ತವನ್ನು ದಾಟಿಕೊಂಡು ಬನ್ನಿಮಂಟಪಕ್ಕೆ. ಆ ದಿನಗಳಲ್ಲಿ ಆ ಭಾಗದ ಕೊಠಡಿಗೆ ಚಿನ್ನದ ಬೆಲೆ. ನಮ್ಮ ಚಿಕಿತ್ಸೆ ಸೆಪ್ಟೆಂಬರ್ 1ಕ್ಕೆ ಆರಂಭ, ದಸರೆಯನ್ನು ದಾಟದೆ ಮುಗಿಯುವುದಿಲ್ಲ. "ದಸರಾ ಹನ್ನೊಂದು ದಿನ ರೇಟು ಬೇರೆಯಮ್ಮ" ಎಂದರು ವ್ಯವಸ್ಥಾಪಕರು. ಹಾಗಾದರೆ ನಮಗೆ ತಿಂಗಳ ಲೆಕ್ಕವೇ ಬೇಡವೆಂದು ನಾನು ಎದ್ದೆ. ಐದನೆಯ ವಾರದಲ್ಲಿ, ಬಾಯಿ ಪೂರ್ತಿ ಹುಣ್ಣಾಗಿರುವ ಹೊತ್ತಿನಲ್ಲಿ, ಗಂಟು ಕಟ್ಟಿಕೊಂಡು ಬೀದಿಗೆ ಇಳಿಯಬೇಕಾದೀತೆಂಬ ಭಯ ನನ್ನನ್ನು ಗಟ್ಟಿ ಮಾಡಿತ್ತು. ಇದು ಬರಿಯ ಭಯವಲ್ಲ. ಲಾಡ್ಜಿನ ಅತಿಥಿ ಕಾಯಿದೆಯ ಕಣ್ಣಿನಲ್ಲಿ ಬಾಡಿಗೆದಾರನಲ್ಲ. 1882ರ ಅನುಭೋಗ ಹಕ್ಕುಗಳ ಕಾಯಿದೆ ಲೈಸೆನ್ಸ್ ಎನ್ನುತ್ತದಲ್ಲ, ಅಂಥ ಬರಿಯ ಅನುಮತಿಯ ಮೇಲೆ ಇರುವವನು. ಆದ್ದರಿಂದ ಬಾಯಿಮಾತಿಗಿಂತ ಕಾಗದ ವಾಸಿ. ಒಂದೂವರೆ ತಿಂಗಳು ಒಂದೇ ದರ, ದಸರೆಯಲ್ಲೂ ಹೆಚ್ಚಿಸುವಂತಿಲ್ಲ, ಕೊಠಡಿ ಬದಲಿಸುವಂತಿಲ್ಲ, ಚಿಕಿತ್ಸೆ ಬೇಗ ನಿಂತರೆ ಉಳಿದ ದಿನಗಳ ಹಣ ವಾಪಸು ಎಂದು ಅವರ ಲೆಟರ್‌ಹೆಡ್ಡಿನ ಮೇಲೆಯೇ ಬರೆಸಿ ಸಹಿ ಮಾಡಿಸಿಕೊಂಡೆವು. ಮೊದಲ ಮೂವತ್ತು ದಿನದ ಹಣವನ್ನು ಒಟ್ಟಿಗೆ ಕೊಟ್ಟದ್ದಕ್ಕೆ ಅವರು ಒಪ್ಪಿದರೆಂದು ಕಾಣುತ್ತದೆ.

ಆಗಸ್ಟ್ 31ರ ಭಾನುವಾರ ಬಿಡಾರ ಹೂಡಿದೆವು. ಮೊದಲ ಎರಡು ವಾರ ಶುಕ್ರವಾರ ಸಂಜೆ ಊರಿಗೆ ಹೋಗಿ ಬಂದೆವು. ಆಮೇಲೆ ಅಕ್ಕ ಹೋಗೋಣವೆನ್ನಲಿಲ್ಲ. ಮೂರನೆಯ ವಾರಕ್ಕೆ ಇಡ್ಲಿ ನಿಂತಿತು, ನಾಲ್ಕನೆಯ ವಾರಕ್ಕೆ ಅನ್ನವೂ ನಿಂತಿತು. ತೆಳ್ಳನೆಯ ರಾಗಿ ಗಂಜಿ, ಖಾರ ಹುಳಿಯಿಲ್ಲದ ಹೆಸರುಬೇಳೆಯ ತೊವ್ವೆ, ಮಜ್ಜಿಗೆಯಲ್ಲಿ ಕಿವುಚಿದ ಅನ್ನದ ತಿಳಿ, ಇವನ್ನು ಎರಡು ಗಂಟೆಗೊಮ್ಮೆ ಅರ್ಧ ಅರ್ಧ ಲೋಟ ಕೊಡಬೇಕಿತ್ತು. ರಾತ್ರಿ ಎರಡು ಗಂಟೆಗೆ ಎದ್ದು, "ಒಂದಿಷ್ಟು ಗಂಜಿ ಇದೆಯೇನೇ?" ಎಂದು ಅಕ್ಕ ಕೇಳಿದ ದಿನಗಳುಂಟು. ಆ ಹೊತ್ತಿಗೆ ಯಾರನ್ನೂ ಎಬ್ಬಿಸದೆ, ಯಾರಿಗೂ ಸಮಜಾಯಿಷಿ ಹೇಳದೆ ಒಲೆಯ ಗುಂಡಿ ಒತ್ತುವಾಗ ನನಗೆ 27,000 ಹೆಚ್ಚೆಂದು ಒಮ್ಮೆಯೂ ಅನಿಸಲಿಲ್ಲ. ದೂರು ಇಲ್ಲದಿರಲಿಲ್ಲ. ಇಂಡಕ್ಷನ್ ಒಲೆ ಎರಡು ಸಲ ಕೆಟ್ಟಿತು, ಬೇರೆ ತಂದುಕೊಡಲು ಅರ್ಧ ದಿನ ಹಿಡಿಯಿತು. ಬಟ್ಟೆ ಹರವಲು ತಾರಸಿಗೆ ನಾಲ್ಕು ಮಹಡಿ. ನಾವು ಇಲ್ಲದ ಶನಿವಾರ ಭಾನುವಾರಕ್ಕೂ ಬಾಡಿಗೆ ನಡೆಯುತ್ತದೆ. ಅದನ್ನು ಕಳೆಯಿರೆಂದು ಕೇಳಿದ್ದಕ್ಕೆ ಒಪ್ಪಲಿಲ್ಲ.

ಸರಸ್ವತೀಪುರದವರ ಮುನಿಸು ಹತ್ತು ದಿನ ಇತ್ತು. ಆಮೇಲೆ ಅತ್ತಿಗೆಯೇ ದಿನ ಬಿಟ್ಟು ದಿನ ಸಂಜೆ ಬಂದು ಕೂರತೊಡಗಿದರು. ಆ ಎರಡು ಗಂಟೆ ನಾನು ಕಣ್ಣು ಮುಚ್ಚುತ್ತಿದ್ದೆ. ಆಯುಧಪೂಜೆ, ವಿಜಯದಶಮಿ ಎರಡು ದಿನ ಯಂತ್ರಕ್ಕೂ ರಜೆ. ದಶಮಿಯ ದಿನ ಹೊರಗೆ ಕಾಲಿಡಲು ತೆರಪಿಲ್ಲದಷ್ಟು ಜನ. ಅಂಬಾರಿ ನಮಗೆ ಕಾಣಲಿಲ್ಲ, ಬ್ಯಾಂಡಿನ ಸದ್ದು ಮಾತ್ರ ಅಡ್ಡರಸ್ತೆಯವರೆಗೆ ಕೇಳಿಸಿತು. ಬಿಟ್ಟುಹೋದ ಎರಡು ಸರದಿ ಸೇರಿ ಚಿಕಿತ್ಸೆ ಅಕ್ಟೋಬರ್ 14ಕ್ಕೆ ಮುಗಿಯಿತು.

ಲೆಕ್ಕ ಹೀಗಾಯಿತು. ಮೊದಲ ಮೂವತ್ತು ದಿನಕ್ಕೆ ತೆರಿಗೆ ಸೇರಿ 30,240. ಸೆಪ್ಟೆಂಬರ್ 22ರಿಂದ ಇಂಥ ಕೊಠಡಿಗಳ ತೆರಿಗೆ ಶೇಕಡಾ 5ಕ್ಕೆ ಇಳಿದಿದ್ದರಿಂದ ಉಳಿದ ಹದಿನೈದು ದಿನಕ್ಕೆ 14,175. ಒಟ್ಟು 44,415 ರೂಪಾಯಿ. ರಸೀದಿಯನ್ನು ಭಾವನವರ ಕೈಗೆ ಕೊಟ್ಟಾಗ ಅವರು ಕನ್ನಡಕ ಏರಿಸಿ ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುವಾಗಲೂ ಇದೇ ಕೊಠಡಿ ಸಿಗುತ್ತದೆಯೇ ಎಂದು ಕೇಳಿದರು.