ಕೋಲಿಗೆ ತೊಡಿಸಿದ ಅಂಗಿ

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೊರಟ ಚಿಗರಿ ಬಸ್ಸು ಉಣಕಲ್ ಕೆರೆಯ ನಿಲ್ದಾಣದಲ್ಲಿ ನಿಂತಾಗ ಬೆಳಿಗ್ಗೆ ಆರೂವರೆ. ನಾನು, ಐದನೇ ಇಯತ್ತೆಯ ನನ್ನ ಮೊಮ್ಮಗಳು, ಹಳೆಯ ಧೋತರದಲ್ಲಿ ಸುತ್ತಿದ ಒಂದು ಉದ್ದನೆಯ ಗಾಳದ ಕೋಲು, ಹೀಗೆ ಮೂವರು ಇಳಿದೆವು. ಬಸ್ಸಿನಲ್ಲಿ ಹೆಚ್ಚು ಜಾಗ ಹಿಡಿದದ್ದು ಕೋಲೇ. "ಅಜ್ಜಾರ, ಇದಕ್ಕೂ ಟಿಕೆಟ್ ತಗಸ್ರಿ" ಎಂದು ಪಕ್ಕದಲ್ಲಿದ್ದವರೊಬ್ಬರು ನಕ್ಕರು.

ಉಣಕಲ್ ಕೆರೆಗೆ ಬೆಳಗಿನ ಹೊತ್ತು ಬರುವವರು ನಾನಾ ತರಹದವರು. ಬಿರಬಿರನೆ ನಡೆಯುವವರು, ಕೂತು ಉಸಿರಾಟದ ವ್ಯಾಯಾಮ ಮಾಡುವವರು, ಕೆರೆಯ ನಡುವೆ ನಿಂತ ಸ್ವಾಮಿ ವಿವೇಕಾನಂದರ ಮೂರ್ತಿಯತ್ತ ಮುಖ ಮಾಡಿ ಸುಮ್ಮನೆ ನಿಲ್ಲುವವರು. ಊರೊಳಗೆ ಹೋದರೆ ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ. ಒಮ್ಮೊಮ್ಮೆ ಅಂತರಗಂಗೆ ಹಬ್ಬಿ ನೀರೇ ಕಾಣದ ಹಾಗಾಗುತ್ತದೆ. ಅದನ್ನು ತೆಗೆಸಿದಾಗ ಕೆರೆ ಮತ್ತೆ ಕಣ್ಣು ಬಿಡುತ್ತದೆ.

ನಾವು ಅಂದು ಮೀನು ಹಿಡಿಯಲು ಬಂದಿರಲಿಲ್ಲ. ಗಾಳ ಹಾಕುವವರ ಕೈ ನೋಡಲು ಬಂದಿದ್ದೆವು. ಕೋಲು ತಂದದ್ದು ಅವರಿಗೆ ತೋರಿಸಿ ಕೇಳಲು.

ಅದಕ್ಕೊಂದು ಕಾರಣವಿದೆ. ಈ ಕೋಲು ನನ್ನ ಅಪ್ಪನದು. ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಹಳಿಯಾಳದ ಕಡೆಯಿಂದ ಗಟ್ಟಿ ಬಿದಿರು ತರಿಸಿ, ಬೆಂಕಿಯ ಮೇಲೆ ಕಾಯಿಸಿ, ಸೊಟ್ಟ ತೆಗೆದು ನೆಟ್ಟಗೆ ಮಾಡಿದ್ದರು. ಬುಡ ಸೀಳಬಾರದೆಂದು ಹಿತ್ತಾಳೆಯ ಉಂಗುರ ಹಾಕಿದ್ದರು. ಅವರ ಹೆಬ್ಬೆರಳು ಕೂರುತ್ತಿದ್ದ ಜಾಗ ವರ್ಷಾನುಗಟ್ಟಲೆ ಸವೆದು ಸಣ್ಣ ಗುಳಿಯಾಗಿದೆ. ಅಪ್ಪ ಹೋದ ಮೇಲೆ ನಾನು ಹಿಡಿದೆ. ನನ್ನ ಹೆಬ್ಬೆರಳೂ ಅಲ್ಲಿಯೇ ಕೂತಿತು.

ಈಗ ಅದು ಕೂರುವುದಿಲ್ಲ. ಬ್ಯಾಂಕಿನಲ್ಲಿ 36 ವರ್ಷ ನೋಟು ಎಣಿಸಿದ ಹೆಬ್ಬೆರಳು. ಬುಡದ ಕೀಲು ಬಿಗಿದುಕೊಂಡಿದೆ. ತೆಳ್ಳಗಿನ ವಸ್ತುವನ್ನು ಬಿಗಿಯಾಗಿ ಹಿಡಿದರೆ ಮೊಣಕೈತನಕ ಹರಿಯುತ್ತದೆ ನೋವು. "ದಪ್ಪ ಹಿಡಿಕೆ ಇರೂದನ್ನ ಹಿಡೀರಿ, ಗಟ್ಟಿ ಹಿಡಿಬ್ಯಾಡ್ರಿ" ಎಂದರು ಡಾಕ್ಟರು. ಇತ್ತ ಮೊಮ್ಮಗಳಿಗೆ ಗಾಳ ಕಲಿಯುವ ಆಸೆ. ಅವಳ ಕೈಗೆ ದಪ್ಪ ಹಿಡಿಕೆ ಹಿಡಿಯುವುದಿಲ್ಲ. ಕೋಲು ಒಂದೇ, ಕೈ ಎರಡು.

ದಂಡೆಯಲ್ಲಿ ಮೂವರು ಗಾಳ ಹಾಕಿ ಕೂತಿದ್ದರು. ಮೊದಲನೆಯವನು ಕಾಲೇಜು ಹುಡುಗ. ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದ್ದ. ಒಣಗಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ಕೈ ಒದ್ದೆಯಾದರೆ ಜಾರುತ್ತದೆ, ಬಿಸಿಲಿಗೆ ಅಂಟಂಟಾಗಿ ಅಂಗೈ ಕಪ್ಪಾಗುತ್ತದೆ ಎಂದು ತಾನೇ ಹೇಳಿದ. ಎರಡನೆಯವರು ಆಟೋ ಓಡಿಸುವವರು. ಅವರದು ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ಪು. ಒಳಗೆ ಪೌಡರ್ ಉದುರಿಸಿ ಉರುಳಿಸುತ್ತ ಏರಿಸಿದ್ದರಂತೆ. ಅದರ ಮೇಲಿನ ಗೆರೆಗಳಿಂದ ಹಿಡಿತ ಒಳ್ಳೆಯದು. ಮೂರನೆಯ ಹಿರಿಯರು ಹಳೆಯ ಪಂಜೆಯ ಪಟ್ಟಿ ಹರಿದು ಸುತ್ತಿ, ಮೇಲೆ ಹುರಿ ಬಿಗಿದಿದ್ದರು. "ಅರಬಿ ಬೆವರು ಕುಡೀತೈತಿ. ಹೊಲಸಾತಂದ್ರ ಬಿಚ್ಚಿ ಒಗಿಯೂದು, ಮತ್ತ ಸುತ್ತೂದು" ಎಂದರು.

ಅಂಗಡಿಯ ದುಬಾರಿ ಕೋಲುಗಳ ಹಿಡಿಕೆ ಬೆಂಡಿನದಿರುತ್ತದೆ. ಬಾಟಲಿಯ ಬಿರಡೆ ಮಾಡುತ್ತಾರಲ್ಲ, ಅದೇ ಕಾರ್ಕ್. ಪೋರ್ಚುಗಲ್ ದೇಶದಲ್ಲಿ ಒಂದು ಜಾತಿಯ ಓಕ್ ಮರದ ತೊಗಟೆಯನ್ನು ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಸುಲಿಯುತ್ತಾರೆ. ಮರ ಕಡಿಯುವುದಿಲ್ಲ, ತೊಗಟೆ ಮತ್ತೆ ಬೆಳೆಯುತ್ತದೆ. ಹಗುರ, ಒದ್ದೆಯಾದರೂ ಜಾರದು. ಗಾಳ ಹಾಕುವ ಹುಚ್ಚೇನೂ ಇಂದಿನದಲ್ಲ. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿಯೇ ಅದರ ಮೇಲೆ ಪುಸ್ತಕ ಬರೆದ. ನಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಭಾರತದ ನದಿಗಳಲ್ಲಿ ಗಾಳ ಹಾಕುವ ಕುರಿತು 1873ರಲ್ಲಿ ಬರೆದ.

ಮೂವರೂ ನಮ್ಮ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಟೋದವರ ಸಲಹೆ ನೇರವಾಗಿತ್ತು. "ಬುಡ ಒಂದೂವರಿ ಫೂಟು ಕೊಯ್ದು ಒಗೀರಿ ಕಾಕಾ. ಹೊಸಾ ಹಿಡಕಿ ಕೂಡಸ್ರಿ." ಮೊಮ್ಮಗಳು ಕೋಲನ್ನು ಎದೆಗವಚಿಕೊಂಡಳು. ನಾನೂ ಉತ್ತರ ಕೊಡಲಿಲ್ಲ. ಕೊಯ್ದರೆ ಅಪ್ಪನ ಹೆಬ್ಬೆರಳೂ ಅದರ ಜೊತೆಗೇ ಹೋಗುತ್ತದೆ.

ಮನೆಗೆ ಬಂದು ಒಂದು ಪ್ರಯೋಗ ಮಾಡಿದೆವು. ಚಪಾತಿಗೆ ನಾದಿದ ಕಣಕದಲ್ಲಿ ಒಂದು ಮುಷ್ಟಿ ಕದ್ದು, ಹಿಡಿಕೆಗೆ ಮೆತ್ತಿ, ನಾನೊಮ್ಮೆ ಅವಳೊಮ್ಮೆ ಹಿಡಿದೆವು. ಬೆರಳು ಎಲ್ಲಿ ಒತ್ತುತ್ತದೆ, ಎಷ್ಟು ದಪ್ಪ ಬೇಕು ಎಂದು ಅಚ್ಚು ಮೂಡಿತು. ನಡುಬೆರಳಿನ ತುದಿ ಅಂಗೈಗೆ ಚುಚ್ಚಿದರೆ ಹಿಡಿಕೆ ತೆಳು. ಬೆರಳು ಅರ್ಧಕ್ಕೇ ನಿಂತರೆ ದಪ್ಪ. ನನ್ನ ಅಚ್ಚಿಗೂ ಅವಳ ಅಚ್ಚಿಗೂ ಒಂದು ಬೆರಳಿನ ವ್ಯತ್ಯಾಸ. ಅವಳಿಗೆ ಅಪ್ಪನ ಬಿದಿರು ಇದ್ದ ಹಾಗೆಯೇ ಸರಿಯಾಗಿತ್ತು! ಅಜ್ಜಿ ಬಂದು ಕಣಕದ ಲೆಕ್ಕ ಕೇಳಿದಾಗ ಇಬ್ಬರೂ ಗಾಳದ ಎರೆಹುಳುವಿನಂತೆ ಮುದುಡಿದೆವು.

ಮರುದಿನ ಸಂಜೆ ಹುಬ್ಬಳ್ಳಿಯ ಮೇದಾರ ಓಣಿಗೆ ಹೋದೆವು. ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರ ಕಸುಬು ಬಲು ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನವರಿದ್ದರು, ಬಿದಿರು ಹೆಣೆದೇ ಕಾಯಕ ಮಾಡಿದವರು. ಅಲ್ಲೊಬ್ಬ ಅಜ್ಜಿ ಬಾಗಿಲಲ್ಲಿ ಕೂತು ಮೊರ ಹೆಣೆಯುತ್ತಿದ್ದರು. ಕೋಲು ನೋಡಿದರು. ಗುಳಿಯ ಮೇಲೆ ತಮ್ಮ ಹೆಬ್ಬೆರಳಿಟ್ಟು, "ಯಾರದು ಈ ಕೈ?" ಎಂದರು.

"ನಮ್ಮ ಅಪ್ಪಾಂದರಿ."

"ಕೊಯ್ಯೂದ್ಯಾಕ ಮತ್ತ? ಮಗಾ ಬೆಳದ್ರ ಕೈ ಕೊಯ್ತೀರೇನು? ದೊಡ್ಡ ಅಂಗಿ ತೊಡಸ್ತೀರಿ. ಇದಕ್ಕೂ ಒಂದು ಅಂಗಿ ತೊಡಸೂಣು."

ಟೊಳ್ಳು ಬಿದಿರಿನ ತುಂಡೊಂದನ್ನು ಆರಿಸಿದರು. ಒಂದು ಗೇಣಿಗಿಂತ ತುಸು ಉದ್ದ. ನಡುವೆ ಗೆಣ್ಣಿರಲಿಲ್ಲ. ಒಳಮೈಯನ್ನು ಕತ್ತಿಯಿಂದ ಕೆರೆದು ನಯ ಮಾಡಿದರು. ಕೋಲಿನ ಬುಡದಿಂದ ತೂರಿಸಿದರೆ ಹಿತ್ತಾಳೆಯ ಉಂಗುರ ದಾಟಿ, ಗುಳಿಯನ್ನು ಮುಚ್ಚಿ ಕೂತಿತು. ಕೊಂಚ ಸಡಿಲವಿದ್ದ ಕಡೆ ಬಟ್ಟೆಯ ಪಟ್ಟಿ ತುರುಕಿದರು. ಎಳೆದರೆ ಬರಬೇಕು, ಬೀಸಿದರೆ ಬರಬಾರದು, ಅಷ್ಟೇ ಬಿಗಿ. ಹಣ ಕೊಡಹೋದರೆ, "ಒಂದು ಮೊರಾ ತಗೊಂಡು ಹೋಗ್ರಿ, ಸಾಕು" ಎಂದರು. ಮೊರ ಕಂಡ ಮೇಲೆ ಮನೆಯಲ್ಲಿ ಕಣಕದ ಅಪರಾಧವೂ ಮಾಫಿಯಾಯಿತು.

ಆ ಅಂಗಿಯ ಮೇಲೆ ಹತ್ತಿಯ ಹುರಿ ಸುತ್ತುವ ಕೆಲಸ ನಮ್ಮದು. ಮಕ್ಕಳೇ, ಗಂಟು ಹಾಕದೆ ಸುತ್ತುವ ಉಪಾಯ ಕಲಿತುಕೊಳ್ಳಿ, ಬ್ಯಾಟಿಗೂ ಕೊಡೆಯ ಹಿಡಿಕೆಗೂ ಬರುತ್ತದೆ. ಹುರಿಯ ತುದಿಯನ್ನು ಉದ್ದಕ್ಕೆ ಇಟ್ಟು ಅದರ ಮೇಲೆಯೇ ಒತ್ತೊತ್ತಾಗಿ ಸುತ್ತುತ್ತ ಬನ್ನಿ. ಕೊನೆಗೆ ಏಳೆಂಟು ಸುತ್ತು ಉಳಿದಾಗ ಬೇರೆ ದಾರವೊಂದನ್ನು ಮಡಚಿ, ಅದರ ಕುಣಿಕೆ ಮುಂದೆ ಚಾಚುವಂತೆ ಇಟ್ಟು, ಅದರ ಮೇಲೂ ಸುತ್ತಿ. ಹುರಿಯ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಮಡಚಿದ ದಾರವನ್ನು ಹಿಂದಕ್ಕೆ ಎಳೆಯಿರಿ. ತುದಿ ಸುತ್ತಿನ ಕೆಳಗೆ ಹೊಕ್ಕು ಕೂರುತ್ತದೆ. ಉಳಿದದ್ದನ್ನು ಕತ್ತರಿಸಿದರೆ ಆಯಿತು.

ಮುಂದಿನ ರವಿವಾರ ಊರ ಹೊರಗಿನ ಒಂದು ಸಣ್ಣ ಕೆರೆಗೆ ಹೋದೆವು. ಮೀನಿನ ಗುತ್ತಿಗೆ ಇರುವ ಕೆರೆಗಳಲ್ಲಿ ಕೇಳಿಯೇ ಗಾಳ ಹಾಕಬೇಕು. ನಾವೂ ಗುತ್ತಿಗೆದಾರರನ್ನು ಕೇಳಿದೆವು. ಮೊದಲು ನನ್ನ ಸರದಿ. ದಪ್ಪ ಹಿಡಿಕೆ ಅಂಗೈ ತುಂಬಿತು. ಹೆಬ್ಬೆರಳು ಒತ್ತಬೇಕಾಗಲಿಲ್ಲ. ಇನ್ನೊಂದು ಲಾಭವನ್ನು ನಾನು ಎಣಿಸಿಯೇ ಇರಲಿಲ್ಲ. ಅಂಗಿಯ ತೂಕ ಬುಡಕ್ಕೆ ಬಿದ್ದದ್ದರಿಂದ ತುದಿಯ ಭಾರ ಕಡಿಮೆ ಅನಿಸಿತು, ತಕ್ಕಡಿಯ ಹಗುರಾದ ತಟ್ಟೆಗೆ ಕಲ್ಲಿಟ್ಟ ಹಾಗೆ. ಎಷ್ಟೋ ದಿನಗಳ ಮೇಲೆ ಅರ್ಧ ತಾಸು ನೋವಿಲ್ಲದೆ ಕೂತೆ.

ಆಮೇಲೆ ಅಂಗಿ ಎಳೆದು ತೆಗೆದು ಕೋಲನ್ನು ಮೊಮ್ಮಗಳಿಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದಳು. "ಇಲ್ಲೂ ಹುರಿ ಸುತ್ತೂಣೇನು?" ಎಂದೆ. ಹಳೆಯ ಬಿದಿರು ನುಣ್ಣಗಾಗಿ ಜಾರುತ್ತಿತ್ತು.

"ಆ ಕಡಿ ಈ ಕಡಿ ಸುತ್ತು ಅಜ್ಜಾ. ಇದರ ಮ್ಯಾಲ ಬ್ಯಾಡ" ಎಂದು ಗುಳಿಯಲ್ಲಿ ಹೆಬ್ಬೆರಳಿಟ್ಟಳು. ಅವಳ ಹೆಬ್ಬೆರಳು ಚಿಕ್ಕದು. ಗುಳಿಯಲ್ಲಿ ಇನ್ನೂ ಜಾಗ ಉಳಿದಿತ್ತು.

ಬೆಂಡು ಮುಳುಗಿತು. ಎಳೆದರೆ ಅಂಗೈಗಿಂತ ಸಣ್ಣದೊಂದು ಜಿಲೇಬಿ ಮೀನು. ಹೆಸರು ಸಿಹಿಯಾದರೂ ಇದು ಆಫ್ರಿಕಾದ ತಿಲಾಪಿಯಾ, 1952ರಲ್ಲಿ ನಮ್ಮ ದೇಶಕ್ಕೆ ಬಂದ ನೆಂಟ. ಗಾಳದಿಂದ ಬಿಡಿಸಿ ಗುತ್ತಿಗೆದಾರರ ಬುಟ್ಟಿಗೆ ಹಾಕಿದೆವು.

ಬರುವಾಗ ಬಸ್ಸಿನಲ್ಲಿ ಕೋಲು ಅವಳ ಮಡಿಲಿನಲ್ಲಿತ್ತು, ಅಂಗಿ ನನ್ನ ಚೀಲದಲ್ಲಿ. "ನಾ ದೊಡ್ಡಾಕಿ ಆದ ಮ್ಯಾಲ ನನಗೂ ಅಂಗಿ ಬೇಕಾಗತೈತೇನು?" ಎಂದು ಕೇಳಿದಳು. "ಬೇಕಾದ್ರ ಇದ ಐತೆಲ್ಲ, ಇಟಗೋ" ಎಂದೆ.