ಬೆಂಕಿಯಿಲ್ಲದ ಬಿಸಿ

ಶೇಂಗಾ ಚಟ್ನಿಗೆ ಮಿಕ್ಸಿ ತಿರುಗಿಸುತ್ತಿದ್ದೆ. ರಾತ್ರಿ ಪಾಳಿ ಮುಗಿಸಿ ಜಮಖಂಡಿಯ ಮನೆಗೆ ಬಂದ ನಮ್ಮವರು ಜಾರಿನ ಮೇಲೆ ಕೈಯಿಟ್ಟು, "ನೋಡು, ಒಲಿ ಇಲ್ಲ, ಬೆಂಕಿ ಇಲ್ಲ, ಬಿಸಿ ಆಗೇತಿ. ನಮ್ಮ ಪಂಪೂ ಇದನ್ನ ಮಾಡಾಕತ್ತೈತಿ" ಎಂದರು.

ಅವರು ಆಗ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಗಾಣದ ಬೇರಿಂಗುಗಳಿಗೆ ಎಣ್ಣೆ ಉಣಿಸುವ ಪಂಪು ಕೆಟ್ಟಿತ್ತು. ಹೆಚ್ಚಿದ್ದರೆ ಒಳ್ಳೆಯದೇ ಎಂದು ಮೇಲಿನವರು ದೊಡ್ಡದನ್ನೇ ತಂದು ಕೂರಿಸಿದ್ದರು. ಅಂದಿನಿಂದ ಎಣ್ಣೆ ಕೈ ಇಡಲಾಗದಷ್ಟು ಕಾಯುತ್ತಿತ್ತು. ಕಾದ ಎಣ್ಣೆ ತೆಳ್ಳಗಾದರೆ ಲೋಹಕ್ಕೆ ಲೋಹ ತಾಗಿ ಬೇರಿಂಗ್ ಸುಡುತ್ತದೆ, ಗಾಣ ನಿಲ್ಲುತ್ತದೆ. ಗೇಟಿನ ಮುಂದೆ ಪಾಳಿ ಹಚ್ಚಿದ ಟ್ರ್ಯಾಕ್ಟರುಗಳಲ್ಲಿ ಬೀಳಗಿಯ ನನ್ನ ತಮ್ಮನ ಕಬ್ಬೂ ಇತ್ತು. ಕಡಿದ ಕಬ್ಬು ಬಿಸಿಲಿಗೆ ನಿಂತರೆ ತೂಕವೂ ಹೋಯಿತು, ಸಿಹಿಯೂ ಹೋಯಿತು.

ಹಾಲಿನ ಲೆಕ್ಕದ ವಹಿ ಎಳೆದುಕೊಂಡು ಅವರು ಬರೆಯತೊಡಗಿದರು. ಬೇರಿಂಗಿಗೆ ಬೇಡವಾದ ಎಣ್ಣೆ ವಾಲ್ವಿನಲ್ಲಿ ನುಸುಳಿ ಟ್ಯಾಂಕಿಗೆ ಮರಳುತ್ತದೆ. ಅದನ್ನು ನೂಕಿದ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಹೊಸ ಪಂಪು ಹೆಚ್ಚಿಗೆ ಎಳೆಯುತ್ತಿದ್ದದ್ದು 2 ಕಿಲೋವ್ಯಾಟ್, ಅಂದರೆ ಸೆಕೆಂಡಿಗೆ 2 ಕಿಲೋಜೂಲ್. ಒಂದು ಕಿಲೋ ಎಣ್ಣೆ ಒಂದು ಡಿಗ್ರಿ ಏರಲು ಬೇಕಾದದ್ದೂ ಸುಮಾರು ಅಷ್ಟೇ. ಟ್ಯಾಂಕಿನ 200 ಲೀಟರ್ ಎಣ್ಣೆಯ ತೂಕ ಸುಮಾರು 175 ಕಿಲೋ. ಹಾಗಾದರೆ 175 ಸೆಕೆಂಡಿಗೆ ಒಂದು ಡಿಗ್ರಿ. ಬಿಸಿ ಹೊರಗೆ ಹೋಗದಿದ್ದರೆ ತಾಸಿಗೆ 20 ಡಿಗ್ರಿ!

"ಅಂದ್ರ ಎಣ್ಣ್ಯಾಗ ಬಚ್ಚಲದ ಗೀಸರ್ ಹಚ್ಚಿಟ್ಟಂಗ ಆತಲ್ರಿ" ಎಂದೆ. ಮತ್ತೆ ಅನುಮಾನ ಬಂತು. "ಹಂಗಾರ ಗೋಕಾಕ ಫಾಲ್ಸಿನ ನೀರೂ ಬಿದ್ದು ಬಿಸಿ ಆಗಬೇಕಲ್ರಿ?"

ಅವರು ನಕ್ಕರು. ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದಲ್ಲಿ, ಕೆಳಗಿಳಿಯುವ ತೂಕದಿಂದ ಕಡಗೋಲಿನಂಥದನ್ನು ತಿರುಗಿಸಿ ನೀರು ಕಡೆದು, ಅದೆಷ್ಟು ಬಿಸಿಯಾಯಿತೆಂದು ಅಳೆದಿದ್ದನಂತೆ. ಅವನ ಲೆಕ್ಕದ ಪ್ರಕಾರ, ಸುಮಾರು 52 ಮೀಟರ್ ಬೀಳುವ ಗೋಕಾಕದ ನೀರು ಏರುವುದು ಡಿಗ್ರಿಯ ಎಂಟನೆಯ ಒಂದು ಪಾಲು. "ಆ ನೀರು ಒಮ್ಮೆ ಬಿದ್ದು ಮುಧೋಳದ ಕಡೆ ಹರದ ಹೋಗತೈತಿ. ನಮ್ಮ ಎಣ್ಣಿ ಅಲ್ಲೇ ಸುತ್ತತೈತಿ."

"ಇದನ್ನ ಅವರಿಗೆ ತೋರಸ್ರಿ."

"ದೊಡ್ಡವರು ತಂದ ಪಂಪು. ಸಿಟ್ಟಿಗೇಳತಾರ."

ನಾನು ಮಾತಾಡಲಿಲ್ಲ. ಹಾಳೆ ಹರಿದು, ಮಡಚಿ, ಅವರ ಅಂಗಿಯ ಕಿಸೆಯಲ್ಲಿಟ್ಟೆ.

ಮೂರನೆಯ ದಿನ ಸಣ್ಣ ಪಂಪು ಕೂತಿತು. ತಮ್ಮನ ಕಬ್ಬು ಗಾಣ ಕಂಡಿತು. ಆ ಹಾಳೆಯ ಹಿಂಬದಿಯಲ್ಲಿದ್ದ ಹಾಲಿನ ಲೆಕ್ಕ ಮಾತ್ರ ಮರಳಿ ಬರಲಿಲ್ಲ. ಆ ತಿಂಗಳು ಹಾಲಿನಾಕೆ ಹೇಳಿದಷ್ಟನ್ನು ಎಣಿಸಿ ಕೊಟ್ಟೆ.